ಬಾಗಿಲು ಹಾಕಿಲ್ಲ ಬಾರೋ

ಆ ವರ್ಷ ಭದ್ರಾವತಿಯಲ್ಲಿ ನಾಟಕ ಕಂಪನಿ ಟೆಂಟು ಹೊಡೆದದ್ದು
ಫುಟ್‌ಬಾಲ್ ಮೈದಾನದ ಮಗ್ಗುಲಲ್ಲೇ,
ಗೋಲ್‌ಪೋಸ್ಟಿಗೆ ಹಗ್ಗ ಬಿಗಿದು.
ಮ್ಯಾನೇಜರಿಗೂ ಕ್ಲಬ್ಬಿನ ಸೆಕ್ರೆಟರಿಗೂ
ಇದೇ ವಿಷಯಕ್ಕೆ ಮಾತು ಬಿಟ್ಟಿತ್ತು.

ಮೂರನೇ ಅಂಕ. ರಾತ್ರಿ ಹನ್ನೆರಡೂವರೆ.
ಓಡಿಹೋದ ಮಗನಿಗಾಗಿ ತಾಯಿ ಹಾಡಬೇಕು.
ಜಯವಂತಿಬಾಯಿಗೆ ಆಗ ಇಪ್ಪತ್ತಾರೋ ಇಪ್ಪತ್ತೇಳೋ,
ತಲೆಗೆ ಬೂದಿ ಮೆತ್ತಿಕೊಂಡು ಮುದುಕಿಯಾಗುತ್ತಿದ್ದಳು.
ಕಣ್ಣು ಹಾಯಿಸದೆ ಲಾಟೀನು ಕೆಳಗಿಟ್ಟು
ಎತ್ತುತ್ತಿದ್ದಳು:

    ಬಾಗಿಲು ಹಾಕಿಲ್ಲ ಬಾರೋ
    ಬೇಯಿಸಿದ್ದು ಆರಿಲ್ಲ ಬಾರೋ

ಸೆಕೆಂಡ್ ಶಿಫ್ಟ್ ಮುಗಿಸಿ ನೇರ ಬಂದವರು,
ಮೈತುಂಬ ಕಬ್ಬಿಣದ ಪುಡಿ,
ಅತ್ತರೆ ಕೆನ್ನೆ ಮೇಲೆ ತುಕ್ಕಿನ ಗೆರೆ.
ನಾನು ಗೇಟಿನಲ್ಲಿ ಟಿಕೆಟ್ ಹರಿಯುವ ಹುಡುಗ;
ಎಂಬತ್ತು ಆಟ, ಎಂಬತ್ತು ಸಲ ಕೇಳಿದ್ದೇನೆ.

ಭಾನುವಾರ ಮ್ಯಾಚು. ನಮ್ಮ ಫೌಂಡ್ರಿ ಟೀಮು, ಶಿವಮೊಗ್ಗದವರು.
ಗೋಲ್‌ಕೀಪರ್ ಆರೋಗ್ಯಸ್ವಾಮಿ, ಮೌಲ್ಡಿಂಗ್ ಸೆಕ್ಷನ್,
ರಾತ್ರಿ ಪಾಳಿ ಮುಗಿಸಿ ಹಾಗೇ ಬಂದವನು.
ಒಂದು ಹೋಯಿತು.
ಎರಡು ಹೋಯಿತು.
ಮೂರನೆಯದು ಅವನ ಕಾಲಿನ ಸಂದಿಯಲ್ಲೇ ಹೋಯಿತು.
ಆಗ ಶಿವಮೊಗ್ಗದ ಕಡೆಯ ಯಾವನೋ ಕಿಲಾಡಿ,
ಹಿಂದಿನ ರಾತ್ರಿ ನಾಟಕ ನೋಡಿದ್ದವನೇ ಇರಬೇಕು,
ಮೂಗಿನಲ್ಲಿ ರಾಗ ಎಳೆದ:
    ಬಾಗಿಲು ಹಾಕಿಲ್ಲ ಬಾರೋ
ಎರಡು ಲಾರಿ ಜನ ದನಿಗೂಡಿಸಿದರು.
ಚೆಂಡು ತರಲು ಬಲೆಯೊಳಗೆ ಹೋದ ಆರೋಗ್ಯಸ್ವಾಮಿ
ಅಲ್ಲೇ ಬಗ್ಗಿ ನಿಂತುಬಿಟ್ಟ,
ಬೂಟಿನ ಲಾಡಿ ಕಟ್ಟುವವನ ಹಾಗೆ.
ಬರಿಗಾಲಲ್ಲಿ ಆಡುವವನು ಅವನು.

ನಮ್ಮ ಕಡೆ ಮೊದಲು ಬಾಯಿ ತೆರೆದವರು ಯಾರೋ.
ಕ್ಯಾಂಟೀನಿನ ಖಾಸಿಂ ಅಂತಾರೆ,
ಕ್ರೇನ್ ಕುಪ್ಪಯ್ಯ ಅಂತಾರೆ,
ನನ್ನನ್ನು ಕೇಳಿದರೆ ನಾನೇ ಅಂತೀನಿ.
ಅದೇ ಹಾಡು. ಅಣಕ ತೆಗೆದು, ಆಕೆ ಎತ್ತುತ್ತಿದ್ದಂತೆ
ಕೆಳಗಿನಿಂದ, ನಿಧಾನಕ್ಕೆ.
ಸಾವಿರ ಗಂಡಸರು ತಾಯಿಯ ಪಾರ್ಟು ಮಾಡಿದೆವು.

ಗೆದ್ದೆವಾ? ಇಲ್ಲ ಮಾರಾಯ, ಐದು–ಒಂದರಲ್ಲಿ ಸೋತೆವು.
ಆ ಒಂದಕ್ಕೂ ಆಫ್‌ಸೈಡ್ ತಕರಾರಿತ್ತು.
ಆದರೆ ಮುಂದಿನ ಭಾನುವಾರ ಟಾಸಿಗೆ ಮುಂಚೆಯೇ ಹಾಡಾಯಿತು,
ಅದರ ಮುಂದಿನ ಭಾನುವಾರವೂ.
ಕಂಪನಿ ಕ್ಯಾಂಪು ಎತ್ತಿ ತರೀಕೆರೆಗೆ ಹೋಯಿತು.
ಗೋಲ್‌ಪೋಸ್ಟಿನಲ್ಲಿ ಹಗ್ಗ ಉಜ್ಜಿದ ಗಾಯ ಉಳಿಯಿತು.

ಈಗ ನಾಟಕದ ಹೆಸರು ಯಾರಿಗೂ ನೆನಪಿಲ್ಲ.
ಫುಟ್‌ಬಾಲಿಗೇ ಬರೆದದ್ದು ಅಂದುಕೊಂಡಿದ್ದಾರೆ ಹುಡುಗರು.
‘ಬೇಯಿಸಿದ್ದು’ ಸವೆದು ಸವೆದು ‘ಬೀಸಿದ್ದು’ ಆಗಿದೆ,
ಅದಕ್ಕೂ ಒಂದು ಅರ್ಥ ಹಚ್ಚಿದ್ದಾರೆ.

ಹೋದ ವರ್ಷ ಫೈನಲ್ ದಿನ ಒಬ್ಬ ಮುದುಕಿ.
ರೈಲಿಗೆ ಇನ್ನೂ ಹೊತ್ತಿತ್ತಂತೆ, ಹಾಡು ಕೇಳಿ ಒಳಗೆ ಬಂದಳಂತೆ.
ಕಣ್ಣು ಹಾಯಿಸದೆ ಚೀಲ ಕೆಳಗಿಟ್ಟಳಲ್ಲ,
ಅಷ್ಟರಲ್ಲೇ ಗುರುತು ಹತ್ತಿತು.
ಕಡಲೆಕಾಯಿ ಸುಲಿಯುತ್ತ ಪೂರ್ತಿ ಕೇಳಿದಳು.
ನನ್ನ ಕಡೆ ತಿರುಗಿ,
“ಎರಡನೇ ಬಾರೋಗೆ ಮುಂಚೆ ಉಸಿರು ತಗೋಬಾರದು.
ತಗೊಂಡರೆ ಅವನು ಬರಲ್ಲ.”

ನಾನು ಯಾರಿಗೂ ಹೇಳಿಲ್ಲ.
ಆ ಜಾಗ ಬಂದಾಗ
ಸುತ್ತ ಅಷ್ಟೂ ಜನ ಉಸಿರೆಳೆದುಕೊಳ್ಳುತ್ತಾರೆ,
ನಾನೊಬ್ಬನೇ, ಇದ್ದಷ್ಟರಲ್ಲಿ,
ದಾಟಿಸುತ್ತೇನೆ.