ಬ್ರೇಕ್

ಶಿಡ್ಲಘಟ್ಟ, ಗೂಡಿನ ಮಾರ್ಕೆಟ್ಟಿನ ಹಿಂದಿನ ಗಲ್ಲಿ.
ಕೆಳಗೆ ಖಲೀಲ್ ಸಾಬರ ಫಿಲೇಚರ್, ಮೇಲೆ ನನ್ನ ಟ್ಯೂಷನ್.
ಬೆಳಗಿನ ಐದಕ್ಕೇ ಕ್ಲಾಸು, ಯಾಕೆಂದರೆ
ಆರಕ್ಕೆ ಬಾಯ್ಲರ್ ಹೊತ್ತಿದ ಮೇಲೆ
ಬೆಂದ ಹುಳದ ನಾತ ಮೆಟ್ಟಿಲು ಹತ್ತಿ ಬರುತ್ತದೆ.
ಯಾವ ವ್ಯಾಕರಣವೂ ಅದರ ಮುಂದೆ ನಿಲ್ಲದು.

ಅವತ್ತು ಬೋರ್ಡಿನ ಮೇಲೆ
ಬ್ರೇಕ್, ಬ್ರೋಕ್, ಬ್ರೋಕನ್.
ಮಕ್ಕಳು ಮೂರು ಸಲ ಕೂಗಿದರು.

ಮೊಮ್ಮಗನ ಪಕ್ಕ ಗೋಡೆಗೊರಗಿದ್ದ ಪಿಳ್ಳಮ್ಮ
'ಏನು ಮುರೀತು ಮೇಷ್ಟ್ರೇ?' ಅಂದಳು.

ಏನು ಬೇಕಾದರೂ ಅಂದೆ. ಲೋಟ, ಕೋಲು, ದಾರ,
ಕೊಟ್ಟ ಮಾತು, ಎಲ್ಲಕ್ಕೂ ಇದೊಂದೇ.

'ಒಂದೇನಾ?
ಪಾಪ, ಬಡವರು.'

ಆಮೇಲೆ ಬೆರಳು ಮಡಿಸತೊಡಗಿದಳು.
ಬಿಸಿನೀರ ಬೇಸಿನ್ನಿನಲ್ಲಿ ಮೂವತ್ತು ವರ್ಷ ನೆನೆದು
ತುದಿಯ ಗೆರೆ ಸವೆಸಿಕೊಂಡ ಬೆರಳು;
ರೇಷನ್ ಅಂಗಡಿಯ ಮೆಷೀನು ಅವಳನ್ನು ಗುರುತಿಸುವುದಿಲ್ಲ.

'ಗಡಿಗೆ ಒಡೀತೈತೆ. ಹಾಲೂ ಒಡೀತೈತೆ.
ಗಂಟಲು ಒಡೀತೈತೆ, ಇವನದು ಈಗ ಶುರುವಾಗೈತೆ ನೋಡಿ.
ಮೂಳೆ ಮುರೀತೈತೆ. ಐನೂರರ ನೋಟು ಮುರಿಸ್ತೀವಿ.
ಎದ್ದಾಗ ಮೈ ಮುರೀತೀವಿ, ಅದು ಸುಖ.
ಮಗಳ ಮದುವೆ ಮುರೀತು, ಅದು...'
ಒಂದು ಬೆರಳು ಮಡಿಸದೆ ಹಾಗೇ ನಿಂತಿತು.

'ನೂಲು ಮಾತ್ರ ಒಡೆಯಲ್ಲ, ಮುರಿಯಲ್ಲ. ಹರೀತೈತೆ.
ದಿನಕ್ಕೆ ನಾನೂರು ಸಲ. ತುದಿ ಹುಡುಕಿ
ತಿರುಗೋ ಎಳೆಗೆ ಎಸೀತೀನಿ, ಕಚ್ಕೊಂತೈತೆ.
ಅಂಗೆ ಎಸೆಯೋದಕ್ಕೆ ಇಂಗ್ಲೀಷಲ್ಲಿ ಏನಂತಾರೆ?'

ಡಿಕ್ಷನರಿ ತಿರುವಿದಂತೆ ಮಾಡಿದೆ.

'ರೋಜಾ ಬಿಡೋದೂ ಬ್ರೇಕಾ ಸರ್?' ಎಂದಳು ತಬಸ್ಸುಮ್.
ಹೌದೆಂದೆ. ಅವಳಿಗೆ ನಗು:
'ಖರ್ಜೂರ ತಿಂದ್ರೆ ಒಡೆಯೋಕೆ ಅದೇನು ಮಡಕೆನಾ?'

'ಚಿಟ್ಟೆ ಗೂಡು ಒಡ್ಕೊಂಡು ಬಂದ್ರೆ?' ಮೊಮ್ಮಗ ಕೇಳಿದ,
ಅರ್ಧ ದಪ್ಪ, ಅರ್ಧ ಕೀರಲು ದನಿಯಲ್ಲಿ.
'ಆ ಗೂಡು ಬಿಚ್ಚಕ್ಕೆ ಬರಲ್ಲ. ಕಸ,' ಅಂದಳು ಅಜ್ಜಿ.
ಸ್ವಲ್ಪ ತಡೆದು,
'ನಮಗೆ ಕಸ.'

ಕೊನೆಗೆ ಬರೆದೆ: ಡೇ ಬ್ರೇಕ್ಸ್.
ದಿನ ಒಡೆಯಿತು ಎಂದ ಒಬ್ಬ. ಮುರಿಯಿತು, ಇನ್ನೊಬ್ಬ.
ಪಿಳ್ಳಮ್ಮ ಸೆರಗು ಸಿಕ್ಕಿಸಿ ಆಗಲೇ ಎದ್ದಿದ್ದಳು.
ಕಿಟಕಿಯತ್ತ ನೋಡಿ
'ಬೆಳಕು ಹರೀತು' ಅಂದಳು.
ಪಾಠಕ್ಕಲ್ಲ,
ಕೆಲಸಕ್ಕೆ ಹೊತ್ತಾಯಿತೆಂದು.

ಸೀಮೆಸುಣ್ಣ ಹಿಡಿದು ನಾನು ನಿಂತೇ ಇದ್ದೆ.
ಕೆಳಗೆ ಬಾಯ್ಲರ್ ಹೊತ್ತಿತು, ರಾಟೆ ಎದ್ದಿತು,
ಒಂದು ಗಳಿಗೆ ತಡೆಯಿತು,
ಮತ್ತೆ ತಿರುಗಿತು.