ಚೌರಪ್ಪ ಮಾವನ ಬ್ರೆಡ್ಡು

ಮೊದಲು ಬ್ರೆಡ್ಡಿನ ಜಗಳ.
ಅಯ್ಯಂಗಾರ್ ಬೇಕರಿಯದು ಸಿಹಿ, ಬೆರಳಿಟ್ಟರೆ ಹಳ್ಳ ಬೀಳುತ್ತದೆ,
ಅದು ಬನ್ನಿನ ತಂಗಿ, ಬೇಡ ಅಂದ ಮಾವ.
ಫ್ರೇಜರ್ ಟೌನಿನ ಸಂದಿಯಲ್ಲಿ ಸಂಜೆ ನಾಲ್ಕಕ್ಕೆ
ಸೌದೆ ಒಲೆಯಿಂದ ಬರುವ ಉದ್ದನೆಯದು ಸಿಕ್ಕಿತು,
ಮೊಳಕ್ಕೆ ನಾಲ್ಕು ಬೆರಳು ಕಮ್ಮಿ.
ತಟ್ಟಿದರೆ ಬಾಗಿಲು ಬಡಿದ ಹಾಗೆ ಸದ್ದು ಬರಬೇಕಂತೆ.
ತಟ್ಟಿ ನೋಡಿದೆ. ಬೇಕರಿಯ ಹುಡುಗ ನಕ್ಕ:
“ಅಕ್ಕಾ, ಅದೇನು ಕಲ್ಲಂಗಡಿ ಹಣ್ಣಾ?”

ಮಾಂಸ ಶಿವಾಜಿನಗರದ್ದು.
ತೆಳ್ಳಗೆ ನಯೀಮಣ್ಣಾ, ಇನ್ನೂ ತೆಳ್ಳಗೆ,
ಎತ್ತಿ ಹಿಡಿದರೆ ಆಚೆಯ ಬಲ್ಬು ಕಾಣಬೇಕು.
“ಬಿರಿಯಾನಿಗಲ್ಲ, ಕಬಾಬಿಗಲ್ಲ,
ಇದರಲ್ಲಿ ರವಿಕೆ ಹೊಲಿಸ್ತೀಯೇನಮ್ಮಾ?”
ಕವರಿನೊಳಗೆ ಪೇಪರು, ಪೇಪರಿನೊಳಗೆ ಇನ್ನೊಂದು ಕವರು.
ಮೆಟ್ಟಿಲ ಮೇಲೆ ಓನರಮ್ಮ ಸೊಪ್ಪು ಬಿಡಿಸುತ್ತಿದ್ದರು.
ಅವರೇನೂ ಕೇಳಲಿಲ್ಲ, ನಾನೇನೂ ಹೇಳಲಿಲ್ಲ,
ಕಾಲು ಮಾತ್ರ ಒಂಚೂರು ಒಳಗೆ ಎಳೆದುಕೊಂಡರು.

ಗುಂಡುಕಲ್ಲು ತೆಗೆದು ಬಡಿಯತೊಡಗಿದೆ.
ಸ್ಟೂಲಿನ ಮೇಲಿಂದ ಮಾವ: “ಭುಜದಿಂದ ಅಲ್ಲ, ಸೊಂಟದಿಂದ.
ಹೊಡೆದ ಕೈ ಅಲ್ಲೇ ನಿಲ್ಲಬಾರದು, ಮನೆಗೆ ವಾಪಸ್ ಬರಬೇಕು.”
ಎಪ್ಪತ್ತೊಂದು ಅವನಿಗೆ. ಲುಂಗಿಯಲ್ಲೂ ಕೋಚು.

ರೆಜಿಮೆಂಟಿನ ಕಡೆಯಿಂದ ಒಮ್ಮೆ ಹವಾನಾಗೆ ಹೋಗಿದ್ದ,
ಇಪ್ಪತ್ತೊಂದು ದಿನದ ಕ್ಯಾಂಪು, ಫೆದರ್‌ವೇಟು.
ನಮ್ಮ ಮನೆಯಲ್ಲಿ ಅಲ್ಲಿವರೆಗೆ
ವೇಳಾಂಗಣ್ಣಿಯೇ ಲೋಕದ ಕೊನೆ.
ಪಂದ್ಯದ ಹಿಂದಿನ ರಾತ್ರಿ ರಸ್ತೆ ಬದಿಯ ಕಿಟಕಿಯಿಂದ
ಒಬ್ಬಳು ಇದನ್ನು ಕೈಗಿಟ್ಟಳಂತೆ.
ಭಾಷೆ ಬರದು, ಬೆರಳು ತೋರಿಸಿ ಇನ್ನೊಂದು ತಿಂದ.
ಮಾರನೆ ದಿನ ಎರಡನೇ ರೌಂಡಿನಲ್ಲಿ ಮೂಗು ಹೋಯಿತು.
ಎಲುಬು ಆಮೇಲೆ ಕೂಡಿತು, ಡೊಂಕಾಗಿ.
ವಾಸನೆ ಕೂಡಲಿಲ್ಲ.
ಅವತ್ತಿನಿಂದ ಮಲ್ಲಿಗೆ, ಮೋರಿ, ಪೂಸೆಯ ಸಾಂಬ್ರಾಣಿ, ಎಲ್ಲಾ ಒಂದೇ.
ಗ್ಯಾಸು ಸೋರುತ್ತಿರುವಾಗ ಬೀಡಿ ಹಚ್ಚಲು ಹೋದವನು.
ಅತ್ತೆ ಬದುಕಿದ್ದಷ್ಟು ದಿನ
ಅವಳ ಸಾರು ಸಾರೇ ಅಲ್ಲ ಅಂತಿದ್ದ.
ಪಾಪ, ಸಾರು ಚೆನ್ನಾಗಿಯೇ ಇರುತ್ತಿತ್ತು.

ಅವರದು ಹುಳಿ ಕಿತ್ತಳೆಯಂತೆ, ನನಗೆ ಸಿಕ್ಕಿದ್ದು ಹೇರಳೆಕಾಯಿ.
ಬೆಳ್ಳುಳ್ಳಿ, ಜೀರಿಗೆ, ಮೆಣಸು. ಅರ್ಧ ಗಂಟೆ ನೆನೆಯಲಿ.
ಆಲೂಗಡ್ಡೆ ಬೆಂಕಿಕಡ್ಡಿಯಷ್ಟು ಸಣ್ಣಗೆ ಹೆಚ್ಚಿ
ಮೂರು ನೀರಿನಲ್ಲಿ ಗಂಜಿ ಬಿಡಿಸಿದೆ.
ಗಂಜಿ ಹಾಕುವುದು ನನ್ನ ಕಸುಬು,
ತೆಗೆದದ್ದು ಇದೇ ಮೊದಲು.

ಬಾಣಲೆ ಹೊಗೆಯಾಡಿತು. ಮಾಂಸಕ್ಕೆ ಒಂದೊಂದು ಮಗ್ಗುಲಿಗೆ ಒಂದೇ ನಿಮಿಷ,
ಅದೇ ಜಿಡ್ಡಿನಲ್ಲಿ ಈರುಳ್ಳಿ ಮೆತ್ತಗಾಯಿತು.
ಬ್ರೆಡ್ಡು ಸೀಳಿ ಬೆಣ್ಣೆ, ಮಾಂಸ, ಈರುಳ್ಳಿ,
ಮೇಲೆ ಕರಿದ ಆಲೂಗಡ್ಡೆ, ಹಕ್ಕಿಗೂಡಿನ ಹಾಗೆ.
ಒತ್ತುವ ಮಿಷನ್ನು ಎಲ್ಲಿಂದ ತರಲಿ?

ಕೆಳಗಿಳಿದು ಗಾಡಿಯಿಂದ ಇಸ್ತ್ರಿಪೆಟ್ಟಿಗೆ ತಂದೆ.
ಏಳು ಕೇಜಿ ಹಿತ್ತಾಳೆ, ಕೆಂಡಕ್ಕೆ ಇನ್ನೂ ಜೀವವಿತ್ತು.
ದಿನಾ ಅದರ ತಳ ಉಜ್ಜುವ ಬಾಳೆಲೆಯನ್ನೇ
ತೊಳೆದು ನಡುವೆ ಹಾಸಿದೆ.
ಬೆಳಿಗ್ಗೆ ಯಾರದೋ ಹದಿನಾಲ್ಕು ಬಿಳಿ ಶರ್ಟಿನ ಮೇಲೆ ಓಡಿದ್ದು
ಈಗ ಬ್ರೆಡ್ಡಿನ ಬೆನ್ನ ಮೇಲೆ ಕೂತು
ಮೆಲ್ಲಗೆ, ಮೆಲ್ಲಗೆ ಇಳಿಯಿತು.
ಮಾವ ಎಣಿಸುತ್ತಿದ್ದ, ರೆಫರಿ ಎಣಿಸುವ ಹಾಗೆ,
ಹತ್ತಕ್ಕೆ ಬಂದು “ಎತ್ತು” ಅಂದ.

ಕಣ್ಣು ಮುಚ್ಚಿ ಕಚ್ಚಿದ.
ತಿನ್ನುವವನಂತಲ್ಲ, ಗೋಡೆಗೆ ಕಿವಿಯಿಟ್ಟವನಂತೆ.
ಕರ್ರ್. ಕರ ಕರ.
“ಸದ್ದು ಸರಿಯಾಗಿದೆ” ಅಂದ.
“ಈಗ ಹೇಳು, ವಾಸನೆ ಹೆಂಗಿದೆ?”

ಯಾರೂ ನನ್ನನ್ನು ಹೀಗೆ ಕೇಳಿರಲಿಲ್ಲ.
ಒದ್ದೆ ಕಾಲರಿಗೆ ಬಿಸಿ ಪೆಟ್ಟಿಗೆ ತಾಗಿದಾಗ
ಭುಸ್ಸಂತ ಏಳುತ್ತಲ್ಲ ಮಾವಾ, ಆ ಹಬೆ,
ಅದರೊಳಗೆ ಬೆಳ್ಳುಳ್ಳಿ ಸುಟ್ಟ ಹಾಗೆ, ಆಮೇಲೆ
ಹೇರಳೆಕಾಯಿ ಸಿಪ್ಪೆ ಚಿವುಟಿದರೆ ಕಣ್ಣಿಗೆ ಹಾರುತ್ತಲ್ಲ, ಅದು.

ತುಂಬಾ ಹೊತ್ತು ಅಗಿದ.
“ಇಲ್ಲ. ಅಲ್ಲಿ ಸಮುದ್ರ ಇತ್ತು ಅದರಲ್ಲಿ.”

ಉಪ್ಪಿನ ಡಬ್ಬಿ ಅವನ ಕಡೆ ತಳ್ಳಿದೆ.
ಒಂದು ಚಿಟಿಕೆ ಉದುರಿಸಿಕೊಂಡ. ಇನ್ನೊಂದು.
ಎರಡನೆಯದಕ್ಕೆ ಕೈ ಹಾಕಿದ.
ಕೆಳಗೆ ಓನರಮ್ಮನ ಕಿಟಕಿ ತೆರೆಯಿತು.
ಮುಚ್ಚುವ ಸದ್ದಿಗೆ ಕಾಯುತ್ತ
ನಾನು ಪೆಟ್ಟಿಗೆಯ ಬೂದಿ ಕೊಡವಿದೆ.