ಹಿಂದೆ ಬರೆದ ಚಿಲ್ಲರೆ

ಇಪ್ಪತ್ತೆರಡು ವರ್ಷ ಸೀಟು ಬಾಡಿಗೆಗೆ ಕೊಟ್ಟವಳು ನಾನು.
ಹಾಸನದಿಂದ ಹೊಳೆನರಸೀಪುರ, ಹಾಸನದಿಂದ ಅರಕಲಗೂಡು,
ಮುಕ್ಕಾಲು ಗಂಟೆಯ ಮನೆ, ಕಿಟಕಿ ಪಕ್ಕದ್ದಾದರೆ ಜಗಳ.
ಇಳಿಯುವಾಗ ಯಾರೂ ಬೀಗದಕೈ ಕೊಟ್ಟು ಹೋಗಲಿಲ್ಲ,
ಕಡಲೇಕಾಯಿ ಸಿಪ್ಪೆ ಬಿಟ್ಟು ಹೋದರು, ಅಷ್ಟೆ.

ಈಗ ತಣ್ಣೀರುಹಳ್ಳದ ಆಚೆ, ಅರ್ಧ ಸೈಟಿನಲ್ಲಿ
ನನ್ನ ಹೆಸರಿಗೆ ಖಾತೆಯಾದ ಎರಡು ಮನೆ.
ಮನೆಯೆಂದರೆ ಒಂದು ರೂಮು, ಒಂದು ಅಡುಗೆ ಗೂಡು,
ಬಚ್ಚಲು ಮೆಟ್ಟಿಲ ಕೆಳಗೆ.
ಕೆಳಗಿನದಕ್ಕೆ ಮೋಲ್ಡು, ಮೇಲಿನದಕ್ಕೆ ಶೀಟು.
ಪಿ.ಎಫ್. ಸಾಲ, ಸೊಸೈಟಿ ಸಾಲ, ಕೂಗಿ ಎತ್ತಿದ ಎರಡು ಚೀಟಿ,
ಮತ್ತೆ ಅವ್ವನ ಕಾಸಿನ ಸರ. ಅದರ ಬಗ್ಗೆ ಬರೆಯುವುದಿಲ್ಲ.

ಡಿಪೋ ಬೆಂಚಿನ ಮೇಲೆ, ಹಳೇ ಟ್ರಿಪ್ ಶೀಟಿನ ಹಿಂದೆ ಲೆಕ್ಕ:
ಕೆಳಗಿನದು ಐದೂವರೆ, ಮೇಲಿನದು ಐದು,
ಕಂತು ಹನ್ನೆರಡು ಸಾವಿರದ ಎಂಟುನೂರು.
ಕೂಡಿಸಿದೆ. ಮತ್ತೆ ಕೂಡಿಸಿದೆ.
ಕಲೆಕ್ಷನ್ ಕಮ್ಮಿ ಬಿದ್ದ ದಿನದ ಹಾಗೆ
ಕೈಯಿಂದ ಕಟ್ಟಬೇಕು, ತಿಂಗಳಿಗೆ ಎರಡು ಸಾವಿರದ ಮುನ್ನೂರು.
ಡ್ರೈವರ್ ಮೊಗಣ್ಣ ಇಣುಕಿ ನೋಡಿ ಅಂದ:
"ಆಸ್ತಿ ಅಂದ್ರೆ ಹಂಗೇ ಕಣಕ್ಕ,
ಮೊದ್ಲು ನಾವು ಅದನ್ನ ಸಾಕ್ಬೇಕು, ಆಮೇಲೆ ಅದು ನಮ್ಮನ್ನ."
ಆಮೇಲೆ ಎಂಬುದು ಯಾವ ಸ್ಟಾಪು, ಹೇಳಲಿಲ್ಲ.

ಬ್ರೋಕರ್ ಉಮಾಪತಿ ಬೋರ್ಡು ಬರೆಸುತ್ತಿದ್ದ.
"ಮನೆ ಬಾಡಿಗೆಗಿದೆ." ಅದರ ಕೆಳಗೆ ಒಂದು ಗೇಣು ಖಾಲಿ.
ಅಲ್ಲಿ ಏನು? ಎಂದೆ.
"ಯಾರಿಗೆ ಮಾತ್ರ ಅಂತ ನೀವೇ ಹೇಳ್ಬೇಕು ಮೇಡಂ,
ಪೇಂಟರ್ ಕಾಯ್ತಾ ಇದಾನೆ."

ಆ ಗೇಣಗಲ ನನಗೆ ಗೊತ್ತು.
ಕೆಲಸಕ್ಕೆ ಸೇರಿದ ವರ್ಷ, ಖಾಕಿಯ ಹೊಸ ಗಂಜಿ ಬಿಡುವ ಮೊದಲು
ಉತ್ತರ ಬಡಾವಣೆಯಲ್ಲಿ ಹನ್ನೊಂದು ಬಾಗಿಲು ಬಡಿದಿದ್ದೆ.
ಗಂಡ ಎಲ್ಲಿ? ರಾತ್ರಿ ಎಷ್ಟೊತ್ತಿಗೆ ಬರ್ತೀಯ?
ನಿಮ್ದು ಯಾವ ಕಡೆ?
ಊರು ಹೇಳಿದೆ. ಅವರು ಕೇಳಿದ್ದು ಊರಲ್ಲ.
ಹನ್ನೆರಡನೆಯದರಲ್ಲಿ ಜೋಸೆಫೀನಮ್ಮ, ಒಂಟಿ ಮುದುಕಿ,
"ಬೀಡಿ ಸೇದ್ತೀಯಾ?" ಎಂದಳು.
ಇಲ್ಲ ಎಂದೆ.
"ನಾನು ಸೇದ್ತೀನಿ. ಆಗುತ್ತಾ?"

ಪೇಂಟರಿಗೆ ಹೇಳಿದೆ, ಫೋನ್ ನಂಬರನ್ನೇ ದಪ್ಪಕ್ಕೆ ಬರಿ.

ಮೊದಲು ಬಂದವನು ಶಿವನಂಜ. ದೊಡ್ಡಾಸ್ಪತ್ರೆಯಲ್ಲಿ ಕೆಲಸ.
ಏನು ಕೆಲಸ ಎಂದದ್ದಕ್ಕೆ ಮುಖ ಅತ್ತ ತಿರುಗಿಸಿ
"ಕೆಳಗಿನ ಮಹಡಿ" ಎಂದ.
ಕೊಯ್ದದ್ದನ್ನು ಮತ್ತೆ ಹೊಲಿಯುವ ಕೋಣೆ.
ಗೊತ್ತಾದ ಮೇಲೆ ಮೂರು ಮನೆಯವರು ಅಡ್ವಾನ್ಸು ವಾಪಸು ಕೊಟ್ಟಿದ್ದರಂತೆ.

ನಾನೂ ಸುಮ್ಮನಿದ್ದೆ ಒಂದು ನಿಮಿಷ.
ಕೆಳಗಿನ ಮನೆಗೆ ಇನ್ನು ಯಾರೂ ಬರದಿದ್ದರೆ? ಐದೂವರೆ ಸಾವಿರ.
ಆ ನಿಮಿಷ ನನ್ನದೇ, ಅಳಿಸುವುದಿಲ್ಲ.
ಆಮೇಲೆ ಬೇರೆ ಏನೂ ತೋಚದೆ ಹೇಳಿದೆ,
ಶೀಟಿನ ಮನೆ ಕಣಪ್ಪ, ಮಳೆ ಬಂದರೆ ಬಹಳ ಸದ್ದು.
"ಸದ್ದಿದ್ರೆ ಒಳ್ಳೇದೇ ಮೇಡಂ," ಎಂದ,
"ಅಲ್ಲಿ ಏನೂ ಸದ್ದಿರಲ್ಲ."

ಹನ್ನೊಂದು ತಿಂಗಳ ಕರಾರು. ಛಾಪಾ ಕಾಗದದ ಮೇಲೆ
ನನ್ನ ಹೆಸರಿನ ಮುಂದೆ "ಮಾಲೀಕರು" ಎಂದು ಟೈಪಿಸ್ಟ್ ಹೊಡೆದ,
ಏನೂ ಆಗದವನಂತೆ ಮುಂದಿನ ಸಾಲಿಗೆ ಹೋದ.

ಅಡ್ವಾನ್ಸು ಮೂವತ್ತು ಸಾವಿರ.
ಮನೆಗೆ ತಂದು ಮಂಚದ ಮೇಲೆ ಎಣಿಸಿದೆ, ತಿರುಗಿ ಎಣಿಸಿದೆ.
ಎಷ್ಟು ಟಿಕೆಟ್ಟಿನ ಹಿಂದೆ ಗೀಚಿದ್ದೇನೆ: ೭ ರೂ., ೧೨ ರೂ.,
"ಇಳಿಯುವಾಗ ಇಸ್ಕೊಳ್ಳಿ."
ಮರೆತು ಇಳಿದವರ ಚಿಲ್ಲರೆಯಲ್ಲಿ ಎಷ್ಟೋ ಸಲ ಟೀ ಕುಡಿದಿದ್ದೇನೆ.
ಇದರಲ್ಲಿ ಕುಡಿಯುವ ಹಾಗಿಲ್ಲ.
ಅಂಚೆ ಕಚೇರಿಯಲ್ಲಿ ಬೇರೆ ಪಾಸ್‌ಬುಕ್ಕು ಮಾಡಿಸಿ
ರಟ್ಟಿನ ಹಿಂದೆ ಬರೆದೆ: ೩೦,೦೦೦, ಇಳಿಯುವಾಗ.

ಎರಡನೇ ವಾರ, ಕೇರಳಾಪುರದ ನೈಟ್ ಹಾಲ್ಟಿನಲ್ಲಿ ಫೋನು.
ಮೇಡಂ, ನಲ್ಲಿ ವಾಷರ್ ಹೋಗಿದೆ.
ಬೆಳಿಗ್ಗೆ ಇಳಿದವಳೇ ಹತ್ತು ರೂಪಾಯಿಯ ವಾಷರ್ ಹಿಡಿದು ಹೋದೆ.
ನನ್ನ ಗೋಡೆ, ನನ್ನ ಚಿಲಕ, ನಾನೇ ಆರಿಸಿದ ನೀಲಿ ಬಣ್ಣ.
ಬಡಿಯಲು ಎತ್ತಿದ ಕೈ ಅಲ್ಲೇ ನಿಂತಿತು:
ರಾತ್ರಿ ಪಾಳಿ ಮುಗಿಸಿ ಮಲಗಿರುತ್ತಾನೆ.

ಮೆಟ್ಟಿಲ ಮೇಲೆ ಕೂತೆ, ವಾಷರನ್ನು ಕಿರುಬೆರಳಿಗೆ ಹಾಕಿ ತೆಗೆಯುತ್ತ.
ಕೆಳಗೆ ಬಚ್ಚಲಲ್ಲಿ ತೊಟ್ಟಿಕ್ಕುತ್ತಿತ್ತು ನಲ್ಲಿ.
ನೀರಿನ ಬಿಲ್ಲು ನನ್ನದೇ.